ಮೈದಾನ ತೊರೆದ ಆಶಾನ್

ವಾರಾಣಸಿಯ ದಶಾಶ್ವಮೇಧ ಘಾಟ್ ಸಂಜೆಯ ಗಂಗಾರತಿಗೆ ಹೆಸರಾಗಿರುವಂತೆ, ಆ ನಗರದ ಕ್ರೀಡಾಲೋಕ ಅಖಾಡಗಳ ಕುಸ್ತಿಗೂ 1980ರ ಮಾಸ್ಕೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಮೊಹಮ್ಮದ್ ಶಾಹಿದ್ ಅವರ ಹಾಕಿಗೂ ಹೆಸರಾಗಿದೆ. ಫುಟ್‌ಬಾಲ್‌ಗೆ ಅಲ್ಲಿ ಅಂಥ ಪರಂಪರೆಯಿಲ್ಲ. 2023ರಲ್ಲಿ ಹುಟ್ಟಿದ ಇಂಟರ್ ಕಾಶಿ ಕ್ಲಬ್ ಈ ಕೊರತೆಯನ್ನು ವಿಚಿತ್ರ ರೀತಿಯಲ್ಲಿ ತುಂಬಿತು. ಅದರ ತವರಿನ ಪಂದ್ಯ ನೋಡಬಯಸಿದ ಕಾಶಿಯವರು ಘಾಟ್‌ನ ಮೆಟ್ಟಿಲುಗಳಿಂದ ಗಂಗೆಯ ಹರಿವಿನ ಜೊತೆಗೇ ಪೂರ್ವಕ್ಕೆ ಸಾಗಿ, ಹೂಗ್ಲಿ ಕವಲಿನ ಬಳಿಯಿರುವ ಪಶ್ಚಿಮ ಬಂಗಾಳದ ಕಲ್ಯಾಣಿಯನ್ನು ತಲುಪಬೇಕಾಗಿತ್ತು. ದೇಶದ ಎರಡನೇ ದರ್ಜೆಯ ಟೂರ್ನಿಯಾದ ಐ-ಲೀಗ್‌ನ 2024–25ರ ಪ್ರಶಸ್ತಿ ಈ ಕ್ಲಬ್‌ಗೆ ದಕ್ಕಿದ್ದೂ ಕಲ್ಯಾಣಿಯಲ್ಲಲ್ಲ. ಆಟಗಾರರ ಅರ್ಹತೆಯ ತಕರಾರುಗಳನ್ನು ಕಾಶಿಯವರು ಕಡತ ಹಿಡಿದು ಬಿಡದೆ ಬೆನ್ನಟ್ಟಿದ್ದರಿಂದ, ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಘೋಷಣೆಯಾಗಿದ್ದ ಕಿರೀಟವನ್ನು ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿ 2025ರ ಜುಲೈನಲ್ಲಿ ಇವರಿಗೆ ಕೊಡಿಸಿತು.

ಆ ತಂಡದಲ್ಲಿ ಸೆರ್ಬಿಯಾದ ಮತಿಯಾ ಬಾಬೋವಿಚ್ ಎಂಬ ಮುನ್ಪಡೆ ಆಟಗಾರನೂ ಇದ್ದರು. ಆದರೆ ಭಾರತದ ಫುಟ್‌ಬಾಲ್‌ನಲ್ಲಿ ನಿಯಮಪುಸ್ತಕದೊಡನೆ ನೇರವಾಗಿ ಸೆಣಸಿದ ಸೆರ್ಬಿಯನ್ ಬೇರೊಬ್ಬರು. ಕಾಶಿಯ ಕ್ಲಬ್ ತಾಳ್ಮೆಯಿಂದ ಗಳಿಸಿದ್ದನ್ನು ಅವರು ಒಂದೇ ಗಳಿಗೆಯ ಸಿಟ್ಟಿನಲ್ಲಿ ಕಳೆದುಕೊಂಡರು, ಅದೂ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ.

ಇವಾನ್ ವುಕೊಮನೋವಿಚ್ ಹುಟ್ಟಿದ್ದು 1977ರ ಜೂನ್ 19ರಂದು, ಅಂದಿನ ಯುಗೊಸ್ಲಾವಿಯಾದ ಉಜಿಟ್ಸೆಯಲ್ಲಿ. ಫ್ರಾನ್ಸಿನ ಬೋರ್ಡೊ, ಜರ್ಮನಿಯ ಕಲೋನ್, ಬೆಲ್‌ಗ್ರೇಡಿನ ರೆಡ್ ಸ್ಟಾರ್ ತಂಡಗಳಿಗೆ ಆಡಿದ ಅವರು, ಕೋಚ್ ಆದ ಮೇಲೆ ಬೆಲ್ಜಿಯಂನ ಸ್ಟ್ಯಾಂಡರ್ಡ್ ಲಿಯೇಜ್‌ನಲ್ಲಿ ಕೆಲವೇ ತಿಂಗಳು ಮುಖ್ಯ ಹೊಣೆ ಹೊತ್ತು, ಸ್ಲೊವಾನ್ ಬ್ರಾಟಿಸ್ಲಾವಾಗೆ 2017ರ ಸ್ಲೊವಾಕ್ ಕಪ್ ಗೆಲ್ಲಿಸಿಕೊಟ್ಟರು. 1984ರ ಏಷ್ಯಾ ಕಪ್‌ಗೆ ಭಾರತವನ್ನು ಕೊಂಡೊಯ್ದ ಮಿಲೋವನ್ ಚಿರಿಚ್ ಕೂಡ ಅದೇ ನಾಡಿನವರಾದ್ದರಿಂದ, 2021ರಲ್ಲಿ ವುಕೊಮನೋವಿಚ್ ಕೇರಳ ಬ್ಲಾಸ್ಟರ್ಸ್‌ಗೆ ಬಂದದ್ದು ಹಳೆಯ ನಂಟಿನ ಮುಂದುವರಿಕೆಯಂತಿತ್ತು. ಮೊದಲ ಋತುವಿನಲ್ಲೇ ತಂಡ ದೇಶದ ಅಗ್ರ ದರ್ಜೆಯ ಟೂರ್ನಿಯಾದ ಇಂಡಿಯನ್ ಸೂಪರ್ ಲೀಗ್‌ನ ಫೈನಲ್ ತಲುಪಿ, ಹೈದರಾಬಾದ್‌ಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿತು. ಮಲಯಾಳಿಗಳು ಗುರುವಿಗೆ ಹೇಳುವ 'ಆಶಾನ್' ಎಂಬ ಹೆಸರು ಅವರಿಗೆ ಅಂಟಿಕೊಂಡಿತು.

2023ರ ಮಾರ್ಚ್ 3ರಂದು ಕಂಠೀರವದಲ್ಲಿ ಬ್ಲಾಸ್ಟರ್ಸ್ ಮತ್ತು ಬೆಂಗಳೂರು ಎಫ್‌ಸಿ ನಡುವೆ ನಡೆದದ್ದು, ಗೆದ್ದವರಷ್ಟೇ ಸೆಮಿಫೈನಲ್‌ಗೆ ಹೋಗುವ ನಾಕೌಟ್ ಪಂದ್ಯ. ನಿಗದಿತ ಅವಧಿ ಗೋಲಿಲ್ಲದೆ ಮುಗಿದು, 30 ನಿಮಿಷಗಳ ಹೆಚ್ಚುವರಿ ಅವಧಿಯ ಆರಂಭದಲ್ಲೇ ಬೆಂಗಳೂರು ಎಫ್‌ಸಿಗೆ ಫ್ರೀ ಕಿಕ್, ಅಂದರೆ ಎದುರಾಳಿಯ ಫೌಲ್‌ಗೆ ಪ್ರತಿಯಾಗಿ ಚೆಂಡನ್ನು ನಿಲ್ಲಿಸಿ ಒದೆಯುವ ಅವಕಾಶ, ಸಿಕ್ಕಿತು. ಬ್ಲಾಸ್ಟರ್ಸ್ ಗೋಲ್‌ಕೀಪರ್ ಇನ್ನೂ ಚೆಂಡಿಗೆ ಅಡ್ಡವಾಗಿ ಆಟಗಾರರನ್ನು ಸಾಲಾಗಿ ನಿಲ್ಲಿಸಿ ರಕ್ಷಣಾ ಗೋಡೆಯನ್ನು ಅಣಿಗೊಳಿಸುತ್ತಿರುವಾಗಲೇ ಬೆಂಗಳೂರಿನ ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಸೇರಿಸಿದರು. ರೆಫರಿ ಗೋಲು ಎತ್ತಿಹಿಡಿದರು. ವುಕೊಮನೋವಿಚ್ ಮೈದಾನಕ್ಕಿಳಿದು ತಮ್ಮ ಆಟಗಾರರನ್ನು ಕರೆದುಕೊಂಡು ಡ್ರೆಸ್ಸಿಂಗ್ ರೂಮಿಗೆ ನಡೆದೇಬಿಟ್ಟರು. ಅವರು ಮರಳದಿದ್ದಾಗ ಪಂದ್ಯ ಬೆಂಗಳೂರಿನದಾಯಿತು.

ಇಲ್ಲಿ ನಿಯಮವನ್ನು ಸ್ವಲ್ಪ ಕೆದಕಿ ನೋಡುವುದು ಒಳ್ಳೆಯದು. ಫ್ರೀ ಕಿಕ್ ವೇಳೆ ಎದುರಾಳಿಗಳು ಚೆಂಡಿನಿಂದ 9.15 ಮೀಟರ್ ದೂರವಿರಬೇಕೆಂಬ ವಿಧಿ ಇರುವುದು ಒದೆಯುವವನ ಅನುಕೂಲಕ್ಕೆ. ಆತನಿಗೆ ಆ ಅಂತರ ಬೇಡವಾದರೆ ಕಾಯದೆ ಒದೆಯಬಹುದು, ಶಿಳ್ಳೆಯ ಅಗತ್ಯವೂ ಇಲ್ಲ. ಆದರೆ ರೆಫರಿ ಗೋಡೆಯನ್ನು ಹಿಂದೆ ಸರಿಸುವ ಕೆಲಸಕ್ಕೆ ಕೈಹಾಕಿ, ಶಿಳ್ಳೆಗೆ ಕಾಯುವಂತೆ ಸೂಚಿಸಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ತನಗೆ ಶಿಳ್ಳೆಯೂ ಬೇಡ, ಗೋಡೆಯೂ ಬೇಡವೆಂದು ರೆಫರಿಗೆ ಮೊದಲೇ ತಿಳಿಸಿದ್ದಾಗಿ ಛೆಟ್ರಿ ಹೇಳಿದರೆ, ರೆಫರಿ ಗೋಡೆಗೆ ಅವಕಾಶ ಕೊಟ್ಟಾಗಿತ್ತೆಂಬುದು ಕೇರಳದವರ ವಾದ. ಲೀಗ್‌ನಲ್ಲಿ ವಿಡಿಯೊ ಪರಿಶೀಲನೆಯ ಏರ್ಪಾಡು ಇಲ್ಲದಿದ್ದರಿಂದ ವಿವಾದವನ್ನು ಅಲ್ಲೇ ಬಗೆಹರಿಸುವ ದಾರಿಯಿರಲಿಲ್ಲ. ಛೆಟ್ರಿಯವರ ಚುರುಕುತನ ನಿಯಮದೊಳಗೇ ಇತ್ತೆಂದು ಒಪ್ಪುವುದು ಕಷ್ಟವಲ್ಲ. ಕನ್ನಡದ ಓದುಗರಿಗಂತೂ ಅದು ಇನ್ನೂ ಸುಲಭ. ಹಾಗೆಂದು ವುಕೊಮನೋವಿಚ್ ಅವರದು ಬರಿಯ ಹುಚ್ಚಾಟವೆಂದರೆ ಅನ್ಯಾಯವಾದೀತು. ಆದರೂ ಅವರ ದೊಡ್ಡ ತಪ್ಪು ಸಿಟ್ಟಾದದ್ದಲ್ಲ, ಆಡಲು ಇನ್ನೂ 20 ನಿಮಿಷಕ್ಕೂ ಹೆಚ್ಚು ಸಮಯವಿದ್ದಾಗ ಅದನ್ನು ಬಿಟ್ಟುಕೊಟ್ಟದ್ದು: ಒಂದು ಗೋಲಿನ ಹಿನ್ನಡೆಯನ್ನು ಅಷ್ಟು ಹೊತ್ತಿನಲ್ಲಿ ತುಂಬಿಕೊಂಡ ತಂಡಗಳು ಫುಟ್‌ಬಾಲ್‌ನಲ್ಲಿ ಬೇಕಾದಷ್ಟಿವೆ. ಆಡಿ ಸೋತಿದ್ದರೆ ತಕರಾರಿನ ಅರ್ಜಿಗಾದರೂ ತೂಕವಿರುತ್ತಿತ್ತು.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಕ್ಲಬ್‌ಗೆ 4 ಕೋಟಿ ರೂಪಾಯಿ, ಕೋಚ್‌ಗೆ 5 ಲಕ್ಷ ರೂಪಾಯಿ ದಂಡ ಹಾಕಿ, ಕೋಚ್‌ಗೆ 10 ಪಂದ್ಯಗಳ ನಿಷೇಧವನ್ನೂ ವಿಧಿಸಿತು. ಫೆಡರೇಷನ್ನಿನ ಮೇಲ್ಮನವಿ ಸಮಿತಿಯ ಮುಂದೆ ಹೋದರೂ ಫಲ ಸಿಗಲಿಲ್ಲ. ಕ್ಷಮೆ ಕೇಳಿ, ನಿಷೇಧ ಮುಗಿಸಿ 2023ರ ಅಕ್ಟೋಬರ್ 27ರಂದು ಕೊಚ್ಚಿಯಲ್ಲಿ ಒಡಿಶಾ ವಿರುದ್ಧದ ಪಂದ್ಯಕ್ಕೆ ಮರಳಿದ ಅವರನ್ನು ಅಭಿಮಾನಿಗಳು ಬರಮಾಡಿಕೊಂಡ ಪರಿ ಕಂಡವರಿಗೆ, ಶಿಕ್ಷೆ ಯಾರಿಗಾಗಿತ್ತೆಂದು ಅನುಮಾನ ಬರುವಂತಿತ್ತು. ಬ್ಲಾಸ್ಟರ್ಸ್ ಅಂದು 2–1ರಿಂದ ಗೆದ್ದಿತು.

ಮೂರೂ ಋತುಗಳಲ್ಲಿ ತಂಡವನ್ನು ಪ್ಲೇಆಫ್‌ಗೆ ತಲುಪಿಸಿದರೂ ಅವರ ಕೈಗೆ ಒಂದು ಟ್ರೋಫಿಯೂ ಬರಲಿಲ್ಲ. 2024ರ ಏಪ್ರಿಲ್ 19ರಂದು ಭುವನೇಶ್ವರದ ನಾಕೌಟ್‌ನಲ್ಲಿ ಅದೇ ಒಡಿಶಾ, ಹೆಚ್ಚುವರಿ ಅವಧಿಯಲ್ಲಿ, ಅದೇ 2–1ರ ಅಂತರದಿಂದ ಬ್ಲಾಸ್ಟರ್ಸ್ ತಂಡವನ್ನು ಹೊರದಬ್ಬಿತು. ಈ ಸಲ ತಂಡ ಕೊನೆಯ ಶಿಳ್ಳೆಯವರೆಗೂ ಆಡಿತ್ತು. ಒಂದು ವಾರದ ಬಳಿಕ ಕ್ಲಬ್ಬೂ ಕೋಚೂ ಬೇರೆಯಾದರು.