ಉಬ್ಬಿದ ಕೆಪಾಸಿಟರ್‌ನಿಂದ ಬಯಾಸ್‌ವರೆಗೆ

2000ದ ದಶಕದ ಮೊದಲರ್ಧದಲ್ಲಿ ಜಗತ್ತಿನ ನಾನಾ ಕಡೆ ಕಂಪ್ಯೂಟರ್‌ಗಳು ಒಂದೇ ಬಗೆಯಲ್ಲಿ ಕೈಕೊಡತೊಡಗಿದವು. ಕೆಲಸದ ನಡುವೆ ತಾವಾಗಿಯೇ ರೀಸ್ಟಾರ್ಟ್ ಆಗುತ್ತಿದ್ದವು, ಇದ್ದಕ್ಕಿದ್ದಂತೆ ಹ್ಯಾಂಗ್ ಆಗುತ್ತಿದ್ದವು, ಒಂದು ದಿನ ಆನ್ ಆಗುವುದನ್ನೇ ನಿಲ್ಲಿಸುತ್ತಿದ್ದವು. ಕ್ಯಾಬಿನೆಟ್ ಬಿಚ್ಚಿ ನೋಡಿದರೆ ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಸುತ್ತ ನಿಂತ ಪುಟ್ಟ ಅಲ್ಯೂಮಿನಿಯಂ ಡಬ್ಬಿಗಳ ತಲೆ ಉಬ್ಬಿರುತ್ತಿತ್ತು. ಕೆಲವು ಬಿರಿದು ಕಂದು ದ್ರವ ಸೋರಿರುತ್ತಿತ್ತು. ಅವು ಎಲೆಕ್ಟ್ರೊಲೈಟಿಕ್ ಕೆಪಾಸಿಟರ್‌ಗಳು. ಒಳಗಿನ ನೀರು ಬೆರೆತ ದ್ರಾವಣದಲ್ಲಿ ಸವೆತ ತಡೆಯುವ ರಾಸಾಯನಿಕ ಸರಿಯಾಗಿ ಇಲ್ಲದೆ, ಆ ದ್ರಾವಣ ಅಲ್ಯೂಮಿನಿಯಂ ಹಾಳೆಯೊಂದಿಗೆ ವರ್ತಿಸಿ ಹೈಡ್ರೋಜನ್ ಅನಿಲ ಹುಟ್ಟಿಸುತ್ತಿತ್ತು. ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್ ಜಿಎಕ್ಸ್270, ಜಿಎಕ್ಸ್280 ಮಾದರಿಗಳು ಈ ದೋಷಕ್ಕೆ ಹೆಸರಾದವು. ಅವುಗಳ ರಿಪೇರಿಗೆಂದು ಕಂಪನಿ 2005ರಲ್ಲಿ ಸುಮಾರು 30 ಕೋಟಿ ಡಾಲರ್ ತೆಗೆದಿಡಬೇಕಾಯಿತು.

ಮನೆಯಲ್ಲೇ ಕಂಪ್ಯೂಟರ್ ಜೋಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಪ್ರೊಸೆಸರ್ ಆರಿಸುತ್ತಾರೆ, ಆಮೇಲೆ ಗ್ರಾಫಿಕ್ಸ್ ಕಾರ್ಡ್. ಉಳಿದ ದುಡ್ಡಿಗೆ ಮದರ್‌ಬೋರ್ಡ್. ಆದರೆ ಈ ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವುದು, ಅವುಗಳ ನಡುವೆ ಮಾತುಕತೆ ನಡೆಸುವುದು ಮದರ್‌ಬೋರ್ಡೇ. ಅದು ಎಲ್ಲಿ ಸೋಲುತ್ತದೆ ಎಂಬುದನ್ನು ಕಳೆದ ಎರಡು ದಶಕಗಳ ಕೆಲವು ಪ್ರಕರಣಗಳು ಸ್ಪಷ್ಟವಾಗಿ ತೋರಿಸಿವೆ. ಬೋರ್ಡ್ ಆರಿಸುವಾಗ ಅದರ ಬಣ್ಣದ ದೀಪಗಳಿಗಿಂತ ಅವು ಒಳ್ಳೆಯ ಮಾರ್ಗದರ್ಶಿ.

ಕೆಪಾಸಿಟರ್ ಪ್ರಕರಣದಿಂದ ಉದ್ಯಮವೂ ಕಲಿತಿದೆ. ಇಂದಿನ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಬಳಿ ಇರುವುದು ಹೆಚ್ಚಾಗಿ ದ್ರವವಿಲ್ಲದ ಪಾಲಿಮರ್ ಕೆಪಾಸಿಟರ್. ದ್ರವದ ಕೆಪಾಸಿಟರ್‌ಗೆ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 2,000 ಗಂಟೆ ಆಯುಸ್ಸು ಎಂದಿದ್ದರೆ, ತಾಪ 10 ಡಿಗ್ರಿ ಇಳಿದಂತೆಲ್ಲ ಆಯುಸ್ಸು ಸುಮಾರು ಎರಡು ಪಟ್ಟಾಗುತ್ತದೆ. 65 ಡಿಗ್ರಿಯಲ್ಲಿ ಅದು 32,000 ಗಂಟೆ, ಅಂದರೆ ಬಿಡದೆ ನಡೆಸಿದರೆ ಮೂರೂವರೆ ವರ್ಷಕ್ಕೂ ಸ್ವಲ್ಪ ಹೆಚ್ಚು. ಪಾಲಿಮರ್‌ಗಾದರೆ 20 ಡಿಗ್ರಿ ಇಳಿಕೆಗೆ ಹತ್ತು ಪಟ್ಟು ಎಂಬ ಲೆಕ್ಕ. ಇದರಿಂದ ತಿಳಿಯುವುದು ಇನ್ನೊಂದಿದೆ: ಎಂಥ ಬೋರ್ಡ್ ತಂದರೂ ಕ್ಯಾಬಿನೆಟ್‌ನೊಳಗೆ ಗಾಳಿಯಾಡದಿದ್ದರೆ ಅದರ ಆಯುಸ್ಸು ಕರಗುತ್ತದೆ.

ಅಷ್ಟು ಶಾಖ ಬರುವುದಾದರೂ ಎಲ್ಲಿಂದ? ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಬೋರ್ಡಿಗೆ ಕಳಿಸುವುದು 12 ವೋಲ್ಟ್. ಪ್ರೊಸೆಸರ್‌ಗೆ ಬೇಕಾದದ್ದು ಒಂದೂಕಾಲು ವೋಲ್ಟ್‌ನ ಆಸುಪಾಸು. 125 ವ್ಯಾಟ್ ಬಳಸುವ ಪ್ರೊಸೆಸರ್ 1.25 ವೋಲ್ಟ್‌ನಲ್ಲಿ ಎಳೆಯುವ ಕರೆಂಟ್ 100 ಆಂಪಿಯರ್. ಸ್ನಾನದ ಮನೆಯ 3 ಕಿಲೋವ್ಯಾಟ್ ಗೀಸರ್ ಎಳೆಯುವುದು ಸುಮಾರು 13 ಆಂಪಿಯರ್ ಮಾತ್ರ. ಈ ಇಳಿಕೆಯ ಕೆಲಸ ಮಾಡುವ ಭಾಗಕ್ಕೆ ವಿಆರ್‌ಎಂ ಎಂದು ಹೆಸರು. ಅಲ್ಲಿ ಮಾಸ್‌ಫೆಟ್ ಎಂಬ ಸ್ವಿಚ್‌ಗಳು ಸೆಕೆಂಡಿಗೆ ಲಕ್ಷಾಂತರ ಬಾರಿ ಆನ್ ಆಫ್ ಆಗುತ್ತವೆ. ಕಾಯಿಲ್ ಮತ್ತು ಕೆಪಾಸಿಟರ್‌ಗಳು ಆ ಏರಿಳಿತವನ್ನು ನಯಗೊಳಿಸುತ್ತವೆ. ಶೇಕಡಾ 10ರಷ್ಟು ಶಕ್ತಿ ವ್ಯರ್ಥವಾದರೂ 14 ವ್ಯಾಟ್‌ನಷ್ಟು ಶಾಖ ಅಂಗೈಯಗಲಕ್ಕಿಂತ ಚಿಕ್ಕ ಜಾಗದಲ್ಲಿ ಹುಟ್ಟುತ್ತದೆ.

ಈ ಹೊರೆಯನ್ನು ವಿಆರ್‌ಎಂನ ಹಲವು ಘಟಕಗಳಿಗೆ, ಅಂದರೆ ಫೇಸ್‌ಗಳಿಗೆ, ಹಂಚಿದರೆ ಪ್ರತಿಯೊಂದೂ ತಣ್ಣಗಿರುತ್ತದೆ. ಡಬ್ಬದ ಮೇಲೆ ‘14+2’ ಎಂಬಂಥ ಅಂಕಿ ಇರುವುದು ಅದಕ್ಕೇ. ಆದರೆ ಅಂಕಿಯೊಂದನ್ನೇ ನಂಬುವಂತಿಲ್ಲ. ಒಂದು ಫೇಸನ್ನು ಡಬ್ಲರ್ ಚಿಪ್‌ನಿಂದ ಎರಡಾಗಿ ಎಣಿಸುವ ರೂಢಿಯೂ ಇದೆ. ಪ್ರತಿ ಮಾಸ್‌ಫೆಟ್ ಎಷ್ಟು ಆಂಪಿಯರ್ ತಾಳಿಕೊಳ್ಳುತ್ತದೆ ಎಂಬುದು ಅಷ್ಟೇ ಮುಖ್ಯ. ಎಚ್610 ಚಿಪ್‌ಸೆಟ್‌ನ ಹಲವು ಅಗ್ಗದ ಬೋರ್ಡ್‌ಗಳಲ್ಲಿ ವಿಆರ್‌ಎಂ ಮೇಲೆ ಹೀಟ್‌ಸಿಂಕೇ ಇರುವುದಿಲ್ಲ. ಕಚೇರಿ ಕೆಲಸದ ಐ3 ಪ್ರೊಸೆಸರ್‌ಗೆ ಅದು ಸಾಕು. ಗಂಟೆಗಟ್ಟಲೆ ವೀಡಿಯೊ ಎಡಿಟ್ ಮಾಡುವ ಐ9ಗೆ ಸಾಲದು.

ಕೆಲವು ದೋಷಗಳು ಕಣ್ಣಿಗೆ ಕಾಣುವುದೇ ಇಲ್ಲ. 2011ರ ಜನವರಿ 31ರಂದು ಇಂಟೆಲ್ ತನ್ನ ಹೊಚ್ಚ ಹೊಸ 6 ಸರಣಿಯ ಚಿಪ್‌ಸೆಟ್‌ಗಳ ಸಾಗಣೆ ನಿಲ್ಲಿಸಿತು. ಹಾರ್ಡ್ ಡಿಸ್ಕ್ ಜೋಡಿಸುವ ಅದರ ನಾಲ್ಕು ಸಾಟಾ ಪೋರ್ಟ್‌ಗಳು ಕಾಲಕ್ರಮೇಣ ದುರ್ಬಲವಾಗುವ ಸಂಭವವಿತ್ತು. ಇನ್ನೆರಡು ವೇಗದ ಪೋರ್ಟ್‌ಗಳಿಗೆ ತೊಂದರೆ ಇರಲಿಲ್ಲ. ದುರಸ್ತಿ ಮತ್ತು ಬದಲಿ ಕೊಡುವ ವೆಚ್ಚವನ್ನು ಕಂಪನಿ ಅಂದಾಜಿಸಿದ್ದು 70 ಕೋಟಿ ಡಾಲರ್. ಆ ಪ್ಲಾಟ್‌ಫಾರ್ಮ್ ಮಾರುಕಟ್ಟೆಗೆ ಬಂದು ಒಂದು ತಿಂಗಳೂ ಆಗಿರಲಿಲ್ಲ. ಅವಸರವಿಲ್ಲದವರು ಹೊಸ ಪೀಳಿಗೆಯ ಬೋರ್ಡ್‌ಗೆ ಕೆಲವು ತಿಂಗಳು ಕಾಯುವುದು ಇಂಥ ಕಾರಣಕ್ಕೆ.

ಇತ್ತೀಚಿನ ತೊಂದರೆಗಳು ಬಂದಿರುವುದು ಬೋರ್ಡನ್ನು ಚಾಲೂ ಮಾಡುವ ಫರ್ಮ್‌ವೇರ್ ಆದ ಬಯಾಸ್‌ನ ಕಡೆಯಿಂದ. 2023ರಲ್ಲಿ ಎಎಂಡಿಯ ಕೆಲವು ರೈಜನ್ 7000 ಎಕ್ಸ್3ಡಿ ಪ್ರೊಸೆಸರ್‌ಗಳು ಸಾಕೆಟ್ ಸಮೇತ ಸುಟ್ಟವು. ರ‍್ಯಾಮ್ ವೇಗ ಹೆಚ್ಚಿಸಿದಾಗ ಬೋರ್ಡ್‌ಗಳು ಪ್ರೊಸೆಸರ್‌ನೊಳಗಿನ ಮೆಮೊರಿ ನಿಯಂತ್ರಕಕ್ಕೆ ಹೋಗುವ ಎಸ್‌ಒಸಿ ವೋಲ್ಟೇಜನ್ನೂ ತಾವಾಗಿ ಏರಿಸುತ್ತಿದ್ದವು. ಎಎಂಡಿ ಅದಕ್ಕೆ 1.3 ವೋಲ್ಟ್ ಮಿತಿ ಹಾಕಿ ಹೊಸ ಫರ್ಮ್‌ವೇರ್ ಬಿಟ್ಟಿತು. ಮರುವರ್ಷ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಸರದಿ. ಅತಿ ವೋಲ್ಟೇಜ್‌ನಿಂದ ಪ್ರೊಸೆಸರ್‌ಗಳು ಅಸ್ಥಿರವಾಗುತ್ತಿದ್ದುದಕ್ಕೆ 2024ರ ಆಗಸ್ಟ್‌ನಲ್ಲಿ 0ಎಕ್ಸ್129 ಎಂಬ ಮೈಕ್ರೊಕೋಡ್ ಬಂತು, ವಾರಂಟಿಯೂ ಎರಡು ವರ್ಷ ಹೆಚ್ಚಿತು. ಎರಡೂ ಪರಿಹಾರಗಳು ಬಳಕೆದಾರರಿಗೆ ತಲುಪಿದ್ದು ಬಯಾಸ್ ಅಪ್‌ಡೇಟ್ ಮೂಲಕ. ಆದ್ದರಿಂದ ಬೋರ್ಡ್ ಕೊಳ್ಳುವ ಮೊದಲು ತಯಾರಕರ ತಾಣದಲ್ಲಿ ಆ ಮಾದರಿಯ ಬಯಾಸ್ ಪಟ್ಟಿ ತೆರೆದು, ಕೊನೆಯ ಅಪ್‌ಡೇಟ್ ಯಾವಾಗಿನದು ಎಂದು ನೋಡಬೇಕು. ಕೊಳ್ಳಬೇಕೆಂದಿರುವ ರ‍್ಯಾಮ್ ಅದಕ್ಕೆ ಹೊಂದುತ್ತದೆಯೇ ಎಂಬ ಪಟ್ಟಿಯೂ ಅಲ್ಲೇ ಸಿಗುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹಳೆಯ ಸ್ಟಾಕ್ ಕೊಳ್ಳುವವರಿಗೆ ಬಯಾಸ್‌ನ ವಿಷಯ ಇನ್ನೂ ಮುಖ್ಯ. ಬಹಳ ದಿನ ಕಪಾಟಿನಲ್ಲೇ ಇದ್ದ ಬಿ650 ಬೋರ್ಡಿಗೆ ರೈಜನ್ 9000 ಹಾಕಿದರೆ ಪರದೆ ಕಪ್ಪಾಗಿಯೇ ಉಳಿಯಬಹುದು. ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯಾಸ್ ಬದಲಿಸುವ ಫ್ಲ್ಯಾಶ್‌ಬ್ಯಾಕ್ ಬಟನ್ ಆಗ ನೆರವಿಗೆ ಬರುತ್ತದೆ.

ಅಂಗಡಿಯಲ್ಲಿ ದುಡ್ಡು ಕೊಡುವ ಮುನ್ನ ಸಾಕೆಟ್‌ನ ಪಿನ್‌ಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಇಂಟೆಲ್‌ನ ಎಲ್‌ಜಿಎ1700, ಎಎಂಡಿಯ ಎಎಂ5 ಎರಡರಲ್ಲೂ ಪಿನ್‌ಗಳಿರುವುದು ಬೋರ್ಡಿನ ಮೇಲೆಯೇ. ಬಾಗಿದ ಪಿನ್‌ಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಬೇಕು. ಸಾಕೆಟ್ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಡಬ್ಬದಲ್ಲೇ ಎತ್ತಿಡುವುದು ಒಳ್ಳೆಯದು: ಆ ಮುಚ್ಚಳ ಹಾಕಿ ಕಳಿಸಿದರೆ ಮಾತ್ರ ಬೋರ್ಡನ್ನು ವಾರಂಟಿ ರಿಪೇರಿಗೆ ತೆಗೆದುಕೊಳ್ಳುವುದಾಗಿ ಕೆಲವು ಕಂಪನಿಗಳು ಕೈಪಿಡಿಯಲ್ಲೇ ಮುದ್ರಿಸಿವೆ.