ಕಂಬ ಎಣಿಸಿ ಹಿಂತಿರುಗಿದರೆ ಬಸದಿ ಕಂಡಂತಾಗದು

ಕಲ್ಲುಗುಂಡಿ: ಮೈಸೂರಿನಿಂದ ಮಡಿಕೇರಿ ಮಾರ್ಗವಾಗಿ ಸಂಪಾಜೆ ಘಾಟಿ ಇಳಿದು ಬರುವ ಪ್ರವಾಸಿಗರಿಗೆ ಕರಾವಳಿಯ ಹೆಬ್ಬಾಗಿಲಿನಂತಿರುವ ಪುಟ್ಟ ಪೇಟೆ ಇದು. ಮೈಸೂರಿನಲ್ಲಿ ಸಂತ ಫಿಲೋಮಿನಾ ಚರ್ಚ್ ನೋಡಿದವರು ಅದರ 175 ಅಡಿ ಎತ್ತರದ ಜೋಡಿ ಗೋಪುರಗಳಿಗೆ ಮಾರುಹೋಗಿ, ಅದನ್ನು ಶತಮಾನಗಳಷ್ಟು ಹಳೆಯದೆಂದು ಭಾವಿಸುವುದುಂಟು. ಶೈಲಿಯೇನೋ ಮಧ್ಯಯುಗದ ಗಾಥಿಕ್. ಆದರೆ ನಾಲ್ವಡಿ ಕೃಷ್ಣರಾಜ ಒಡೆಯರ್ ಅದಕ್ಕೆ ಶಂಕುಸ್ಥಾಪನೆ ನೆರವೇರಿಸಿದ್ದು 1933ರಲ್ಲಿ.

ನಿಜಕ್ಕೂ ಮಧ್ಯಯುಗದ ಮಹಾಮಂದಿರವೊಂದನ್ನು ಕಾಣಬಯಸುವವರು ಇದೇ ಹೆದ್ದಾರಿಯಲ್ಲಿ ಸುಳ್ಯ, ಪುತ್ತೂರು, ಮಾಣಿ ದಾಟಿ ಬಂಟ್ವಾಳ, ಸಿದ್ದಕಟ್ಟೆ ಮೂಲಕ ಮೂಡುಬಿದಿರೆ ತಲುಪಬೇಕು. ಅಲ್ಲಿನ ತ್ರಿಭುವನ ತಿಲಕ ಚೂಡಾಮಣಿ ಬಸದಿ ನಿರ್ಮಾಣವಾದದ್ದು 1430ರಲ್ಲಿ, ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ. ಜನರ ಬಾಯಲ್ಲಿ ಅದು ಸಾವಿರ ಕಂಬದ ಬಸದಿ. ಮೈಸೂರಿನ ಚರ್ಚ್‌ಗೆ ಮಾದರಿಯಾದ ಜರ್ಮನಿಯ ಕಲೋನ್ ಕೆಥೆಡ್ರಲ್ 1248ರಲ್ಲಿ ಆರಂಭವಾಗಿ ಪೂರ್ಣಗೊಂಡಿದ್ದು 1880ರಲ್ಲಿ. ಅಂದರೆ ಮೂಡುಬಿದಿರೆಯಲ್ಲಿ ಚಂದ್ರನಾಥ ಸ್ವಾಮಿಗೆ ಪೂಜೆ ಆರಂಭವಾದಾಗ ಕಲೋನ್‌ನಲ್ಲಿ ಇನ್ನೂ ಕಲ್ಲು ಕೆತ್ತಲಾಗುತ್ತಿತ್ತು.

ಹೆಸರೇ ಈ ಬಸದಿಗೆ ತೊಡಕಾಗಿದೆ ಎಂದರೆ ತಪ್ಪಾಗಲಾರದು. ಬಂದವರಲ್ಲಿ ಹಲವರು ಕಂಬ ಎಣಿಸಲು ತೊಡಗುತ್ತಾರೆ. ಒಂದರಂತೆ ಇನ್ನೊಂದಿಲ್ಲ ಎಂಬ ಮಾತನ್ನು ಪರೀಕ್ಷಿಸಿ, ಮಾನಸ್ತಂಭದ ಮುಂದೆ ಛಾಯಾಚಿತ್ರ ತೆಗೆಸಿಕೊಂಡು ಹೊರಡುತ್ತಾರೆ. ತಲೆಯೆತ್ತಿ ಮಾಡನ್ನು ನೋಡುವವರು ವಿರಳ. ಬಸದಿಗೆ ಮೂರು ಅಂತಸ್ತು. ಕೆಳಗೆ ಕಲ್ಲು, ಮೇಲೆ ಮರ. ದ್ರಾವಿಡ ಶೈಲಿಯ ಶಿಖರಕ್ಕೆ ಬದಲಾಗಿ ಇಲ್ಲಿರುವುದು ತುಳುನಾಡಿನ ಮನೆಯಂತೆ ಇಳಿಜಾರಾದ ಮಾಡು. ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗುಸನ್ ಈ ಮಾಡುಗಳನ್ನು ನೇಪಾಳದ ಕಟ್ಟಡಗಳಿಗೆ ಹೋಲಿಸಿದ್ದ. ಹೋಲಿಕೆ ಸೊಗಸಾದರೂ, ಕರಾವಳಿಯ ಮಳೆ ಬಲ್ಲವರಿಗೆ ಕಾರಣ ಹುಡುಕಲು ಹಿಮಾಲಯದವರೆಗೆ ಹೋಗಬೇಕಾಗಿಲ್ಲ.

ಇನ್ನೊಂದು ಸಂಗತಿ ನೆಲದ ಸಮೀಪವೇ ಇದೆ. ಭೈರಾದೇವಿ ಮಂಟಪದ ಅಧಿಷ್ಠಾನವನ್ನು ಬಾಗಿ ನೋಡಿದರೆ ಆಫ್ರಿಕಾದ ಜಿರಾಫೆ, ಚೀನಾದ ಡ್ರ್ಯಾಗನ್ ಕಾಣಸಿಗುತ್ತವೆ. ಅದೇ ಶತಮಾನದಲ್ಲಿ, 1414ರಲ್ಲಿ, ಬಂಗಾಳದ ಸುಲ್ತಾನ ಚೀನಾದ ಚಕ್ರವರ್ತಿಗೆ ಜಿರಾಫೆಯೊಂದನ್ನು ಕಾಣಿಕೆಯಾಗಿ ಕಳುಹಿಸಿದ್ದ. ಕಾಳುಮೆಣಸಿನ ವ್ಯಾಪಾರದಿಂದ ಸಿರಿವಂತವಾಗಿದ್ದ ಕರಾವಳಿಗೆ ಕಡಲಾಚೆಯ ಸುದ್ದಿ ತಲುಪುತ್ತಿತ್ತು ಎಂಬುದಕ್ಕೆ ಈ ಕೆತ್ತನೆಗಿಂತ ಬೇರೆ ಸಾಕ್ಷಿ ಬೇಕೆ?

ಬಸದಿ ವಸ್ತುಸಂಗ್ರಹಾಲಯವಲ್ಲ. ಗರ್ಭಗುಡಿಯಲ್ಲಿ ನಿತ್ಯ ಪೂಜೆ ನಡೆಯುತ್ತದೆ. ಪಾದರಕ್ಷೆ ಹೊರಗೆ ಬಿಡಬೇಕು, ಒಳಗೆ ಕ್ಯಾಮೆರಾ ತೆಗೆಯುವ ಮುನ್ನ ಅಲ್ಲಿರುವವರನ್ನು ಕೇಳಬೇಕು. ಪೂಜೆಗೆ ಬಂದ ಭಕ್ತರನ್ನು ಸರಿಸಿ ಚಿತ್ರ ತೆಗೆಯುವುದಾಗಲಿ, ಕಂಬದ ಮೇಲೆ ಹೆಸರು ಗೀಚುವುದಾಗಲಿ ಸಲ್ಲದು. ಆರು ಶತಮಾನಗಳ ಮಳೆ ಕಂಡ ಕಲ್ಲಿನ ಮೇಲೆ ಒಮ್ಮೆ ಬಿದ್ದ ಗೀರು ಅಳಿಸಲಾಗದು.

ಬಿಡುವಿದ್ದರೆ ಪೇಟೆಯಲ್ಲಿರುವ ಒಟ್ಟು 18 ಬಸದಿಗಳ ಪೈಕಿ ಗುರು ಬಸದಿಯನ್ನಾದರೂ ನೋಡಬಹುದು. ಷಟ್ಖಂಡಾಗಮದ ಧವಲ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಉಳಿದುಬಂದದ್ದು ಅಲ್ಲಿಯೇ. ಸಾಮಾನ್ಯವಾಗಿ ಪ್ರವಾಸಿಗರು ಮಳೆಗಾಲವನ್ನು ತಪ್ಪಿಸುತ್ತಾರೆ. ಆದರೆ ಇಳಿಜಾರು ಮಾಡಿನ ಕೆಲಸವನ್ನು ಕಣ್ಣಾರೆ ಕಾಣಬೇಕೆಂದಿದ್ದರೆ ಜುಲೈ ತಿಂಗಳಲ್ಲೇ ಕೊಡೆ ಹಿಡಿದು ಹೋಗಬೇಕು.