ಹುಲಿ ಅಂದ್ರೆ ಹುಲಿ, ಇದು ಹಲ್ಲಿ ಸಾ!

ಬೆಟ್ಟದ ತಪ್ಪಲಿಗೆ ಬೆಳಿಗ್ಗೆ ವಾಕಿಂಗ್ ಹೋಗುವ ಮಹನೀಯರೇ, ಅದರಲ್ಲೂ ನಾಯಿ ಕರಕೊಂಡು ಹೋಗುವವರೇ, ಸ್ವಲ್ಪ ಇಲ್ಲಿ ಕೇಳಿ. ಮೊನ್ನೆ ಭಾನುವಾರ ನನಗೆ ಆದದ್ದನ್ನು ಹೇಳುತ್ತೇನೆ. ನನ್ನ ಮರ್ಯಾದೆ ಹೋದ ಕಡೆ ಧಾರಾಳವಾಗಿ ನಗಬಹುದು, ಅಡ್ಡಿಯಿಲ್ಲ.

ನಮ್ಮ ಮನೆಯಲ್ಲಿ ಕರಿಯ ಅಂತ ಒಂದು ನಾಯಿ. ಜಾತಿ ನಾಯಿಯಲ್ಲ, ಬೀದಿಯದ್ದೇ. ಮೂರು ವರ್ಷದ ಹಿಂದೆ ಮಳೆಗೆ ನೆನೆದು ಜಗಲಿ ಹತ್ತಿ ಕೂತದ್ದು, ಇವತ್ತಿನವರೆಗೂ ಇಳಿದಿಲ್ಲ. ಅದಕ್ಕೆ ಹಗ್ಗ ಹಾಕಿ ಎಳೆದಾಡಲು ನನಗೆ ಮನಸ್ಸು ಬಾರದು. "ನಮ್ಮ ಕರಿಯ ಏನೂ ಮಾಡಲ್ಲ ಕಣ್ರೀ" ಎಂದು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ನಾಯಿ ಸಾಕಿದವರೆಲ್ಲ ಹೇಳುವುದು ಇದನ್ನೇ ಅಲ್ಲವೇ?

ನಾವು ಹೋಗುವ ಜಾಗ ಚಾಮುಂಡಿ ಬೆಟ್ಟದ ಬುಡದ ಒಂದು ಹೊಸ ಬಡಾವಣೆ. ಹೊಸದು ಅಂದರೆ ಕಾಲುಭಾಗ ಮನೆ, ಮುಕ್ಕಾಲು ಭಾಗ ಲಂಟಾನ. ಸೈಟಿನ ಕಲ್ಲು ನೆಟ್ಟವರು ಹೊಲದ ಹುತ್ತವನ್ನೂ ಬಂಡೆಯನ್ನೂ ಹಾಗೇ ಬಿಟ್ಟು ಹೋಗಿದ್ದಾರೆ. ಪುಣ್ಯಕ್ಕೆ.

ಪುಣ್ಯಕ್ಕೆ ಅಂದೆ ಯಾಕೆಂದರೆ, ಬಿಸಿಲು ಏರಿತೆಂದರೆ ಆ ಬಂಡೆಗಳ ಮೇಲೆ ಓತಿಕ್ಯಾತಗಳ ದರ್ಬಾರು ನೋಡಬೇಕು. ಇದು ಬೇಲಿಯ ಮೇಲಿನ ಓತಿಯಲ್ಲ, ಬಂಡೆಯ ಜಾತಿಯದ್ದು. ಬೆದೆಯ ಕಾಲದಲ್ಲಿ ಗಂಡು ಮೈಗೆ ಕೆಂಪು, ಹಳದಿ, ಕಪ್ಪು ಬಳಿದುಕೊಂಡು, ಕಂಪನಿ ನಾಟಕದ ರಾಜನ ಹಾಗೆ ಕೂತು ದಂಡ ಹೊಡೆಯುತ್ತದೆ. ಎದುರಾಳಿ ಗಂಡು ಬಂದರೆ ಒಂದು ಬಣ್ಣ, ಹೆಣ್ಣು ಬಂದರೆ ಇನ್ನೊಂದು ಬಣ್ಣ. ಇದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕೂತು ನೋಡಿ ಬರೆದಿದ್ದಾರೆ. ನಾವು ಹುಡುಗರಾಗಿದ್ದಾಗ ನೋಡಿದ್ದೂ ಉಂಟು, ಕಲ್ಲು ಹೊಡೆದದ್ದೂ ಉಂಟು. ದೂರದಿಂದಲೇ ರಕ್ತ ಹೀರುತ್ತೆ ಅಂತ ಆಗ ನಮ್ಮ ಬೀದಿಯಲ್ಲಿ ಗಟ್ಟಿ ನಂಬಿಕೆ!

ಕರಿಯ ಈ ಓತಿಗಳನ್ನು ಅಟ್ಟುವುದು, ಅವು ಸರ್ರನೆ ಬಿರುಕು ಸೇರುವುದು, ದಿನಾ ನಡೆಯುತ್ತಿತ್ತು. ನಾನು ನಗುತ್ತಿದ್ದೆ. ಭಾನುವಾರ ನಗು ನಿಂತಿತು.

ಸುಮಾರು ಎಂಟು ಗಂಟೆ. ಕಲ್ಲಿನ ಗುಡ್ಡೆಗೂ ಹುತ್ತಕ್ಕೂ ನಡುವೆ, ಬಾಲ ಸೇರಿ ನಾಲ್ಕಡಿಗೆ ಕಡಿಮೆಯಿಲ್ಲದ ಒಂದು ಪ್ರಾಣಿ ಬಿಸಿಲು ಕಾಯುತ್ತಾ ಬಿದ್ದಿತ್ತು. ಮೊದಲು ಮೊಸಳೆ ಮರಿ ಅಂದುಕೊಂಡೆ. ಆಮೇಲೆ ಸೀಳು ನಾಲಗೆ ಹೊರಗೆ ಬಂತು, ಒಳಗೆ ಹೋಯಿತು. ಉಡ! ಅದಕ್ಕೆ ವಾಸನೆ ಹಿಡಿಯಲು ನಾಲಗೆಯೇ ಬೇಕು. ನಮ್ಮಿಬ್ಬರ ವಾಸನೆಯೂ ಅದಕ್ಕೆ ಸಿಕ್ಕಿರಬೇಕು, ತಲೆ ಎತ್ತಿತು.

"ಕರಿಯ, ಬೇಡ!" ಅಂದೆ. ಕರಿಯ ಆಗಲೇ ಹೋಗಿತ್ತು.

ಉಡ ಮೈ ಉಬ್ಬಿಸಿತು, ಬುಸ್ಸೆಂದಿತು. ಬಾಲ ತಿರುಗಿಸಿ ಒಂದು ಕೊಟ್ಟಿತು ನೋಡಿ, ಚಾಟಿ ಬೀಸಿದ ಸದ್ದು! ಕರಿಯನ ಮೂತಿಗೆ ಬಿತ್ತು. ಕುಂಯ್ ಅಂದ ನಾಯಿ ಹಿಂದೆ ಸರಿಯುತ್ತೆ ಅಂದುಕೊಂಡರೆ, ಸುತ್ತು ಹಾಕಿ ಹಿಂಗಾಲಿನ ತೊಡೆಗೇ ಬಾಯಿ ಹಾಕಿತು. "ಏನೂ ಮಾಡದ" ನನ್ನ ಕರಿಯ! ಕೂಗಿದೆ. ಚಪ್ಪಲಿ ತೆಗೆದು ಎಸೆದೆ. ಚಪ್ಪಲಿ ಯಾರಿಗೂ ತಾಗದೆ ಲಂಟಾನದೊಳಗೆ ಹೋಯಿತು. ಕೊನೆಗೆ ಕತ್ತಿನ ಪಟ್ಟಿ ಹಿಡಿದು ಜಗ್ಗಿ ಬಿಡಿಸುವ ಹೊತ್ತಿಗೆ ಉಡದ ತೊಡೆಯಲ್ಲಿ ರಕ್ತ ಇಳಿಯುತ್ತಿತ್ತು.

ಅಷ್ಟರಲ್ಲಿ ಪಕ್ಕದಲ್ಲಿ ಕಟ್ಟುತ್ತಿರುವ ಮನೆಯ ವಾಚ್‌ಮನ್ ಓಡಿ ಬಂದ. ಒಂದು ಕೈಯಲ್ಲಿ ದೊಣ್ಣೆ, ಇನ್ನೊಂದರಲ್ಲಿ ಗೋಣಿಚೀಲ.

"ನಾಯಿ ಹಿಡ್ಕೊಳಿ ಸಾ. ಮಿಕ್ಕಿದ್ ನಾನ್ ನೋಡ್ಕತೀನಿ."

"ಏನಪ್ಪ ನೋಡ್ಕೊಳ್ಳೋದು?"

"ಎಣ್ಣೆ ತೆಗೀಬೇಕು ಸಾ. ನಮ್ಮವ್ವಂಗೆ ಮಂಡಿನೋವು, ಎದ್ದೇಳಾಕಾಗಕಿಲ್ಲ. ಉಡದೆಣ್ಣೆ ಹಚ್ಚುದ್ರೆ ಎದ್ದು ಓಡಾಡ್ತಳೆ."

ಓದುಗರೇ, ಇಲ್ಲಿ ನನ್ನ ಬಾಯಿ ಕಟ್ಟಿತು. ಯಾಕೆಂದರೆ ಈ ಎಣ್ಣೆ ನಮ್ಮ ಮನೆಗೂ ಬಂದಿತ್ತು. ಬಸ್ ನಿಲ್ದಾಣದ ಪಕ್ಕ ಒಬ್ಬ ಜೀವಂತ ಉಡವನ್ನು ದಾರದಲ್ಲಿ ಕಟ್ಟಿ ಕೂರಿಸಿ, ಮುಂದೆ ಒಲೆಯ ಮೇಲೆ ಡಬ್ಬಿ ಇಟ್ಟುಕೊಂಡು ಸೀಸೆಯಲ್ಲಿ ಎಣ್ಣೆ ಮಾರುತ್ತಿದ್ದ. ನಮ್ಮಪ್ಪ ತಂದರು. ಅಮ್ಮ ಎರಡು ತಿಂಗಳು ಎರಡೂ ಮಂಡಿಗೆ ತಿಕ್ಕಿಕೊಂಡರು. ಮನೆ ತುಂಬ ಆ ವಾಸನೆ. ಹಬ್ಬಕ್ಕೆ ಬಂದ ನೆಂಟರು ಮೂಗು ಮುಚ್ಚಿಕೊಂಡರು. ಮಂಡಿ ಇದ್ದ ಹಾಗೇ ಇತ್ತು. ಅಮ್ಮ ಕೊನೆಯವರೆಗೂ ಕೋಲು ಊರಿಕೊಂಡೇ ನಡೆದರು.

ಇದನ್ನೇ ಅವನಿಗೆ ಹೇಳಿದೆ. ದೊಣ್ಣೆ ಸ್ವಲ್ಪ ಕೆಳಗಿಳಿಯಿತು. ಆಗ ಕಾನೂನು ತೆಗೆದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ ಹುಲಿ ಇದೆಯಲ್ಲ, ಉಡವೂ ಅದೇ ಪಟ್ಟಿಯಲ್ಲಿದೆ. ಕೊಂದರೆ ಕನಿಷ್ಠ 3 ವರ್ಷ ಜೈಲು, 7 ವರ್ಷದವರೆಗೂ ಹೋಗಬಹುದು. 2022ರ ತಿದ್ದುಪಡಿಯ ಮೇಲೆ ದಂಡವೇ 25,000 ರೂಪಾಯಿಗೆ ಕಡಿಮೆಯಿಲ್ಲ.

ಅವನು ಜೋರಾಗಿ ನಕ್ಕ. "ಹುಲಿ ಅಂದ್ರೆ ಹುಲಿ. ಇದು ಹಲ್ಲಿ ಸಾ!"

ನಾನು ಗಂಭೀರವಾಗಿಯೇ ನಿಂತೆ. ಅವನೂ ನಗು ನಿಲ್ಲಿಸಿ, ನನ್ನ ಕಾಲ ಬಳಿ ಬಾಲ ಅಲ್ಲಾಡಿಸುತ್ತಿದ್ದ ಕರಿಯನನ್ನು ನೋಡಿ ಕೇಳಿದ:

"ಹಂಗಾರೆ ನಿಮ್ ನಾಯಿಗೆ ಎಷ್ಟ್ ವರ್ಷ ಸಾ?"

ಹೇಗಿದೆ ಪ್ರಶ್ನೆ! ಮನೆಗೆ ಬಂದು ಕಾಯ್ದೆ ತೆಗೆದು ನೋಡಿದೆ. ಬೇಟೆ ಎಂಬ ಪದದ ವಿವರಣೆಯೊಳಗೆ ಹಿಡಿಯುವುದು, ಬಲೆ ಒಡ್ಡುವುದು ಮಾತ್ರವಲ್ಲ, ಅಟ್ಟಾಡಿಸುವುದೂ ಬರುತ್ತದೆ. ನನಗೆ ಆ ಉದ್ದೇಶ ಇರಲಿಲ್ಲ ಸ್ವಾಮಿ ಎಂದು ನಾನು ವಾದ ಮಾಡಬಹುದು. ಉಡದ ತೊಡೆಗೆ ಆ ವಾದ ಏನು ಗೊತ್ತು? ಚೀಲ ಹಿಡಿದು ಬಂದವನನ್ನು ತಡೆದ ದೊಡ್ಡ ಮನುಷ್ಯ ನಾನು. ಆದರೆ ರಕ್ತ ಬರಿಸಿದ್ದು ಅವನ ದೊಣ್ಣೆಯಲ್ಲ, ನಾನು ಹಾಕದೆ ಬಿಟ್ಟ ಹಗ್ಗ.

* * *

ನಮ್ಮ ಮಾತು ನಡೆಯುವಾಗ ಉಡ ಸುಮ್ಮನಿರಲಿಲ್ಲ. ಕಾಲೆಳೆಯುತ್ತಾ ಕಲ್ಲುಗುಡ್ಡೆಯ ಬಿರುಕು ಸೇರಿತ್ತು. ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಇಬ್ಬರು ಬಂದು ಬಗ್ಗಿ ನೋಡಿದರು. ಉಡ ಒಳಗೆ ಗಾಳಿ ತುಂಬಿಕೊಂಡು ಉಬ್ಬಿ, ಉಗುರು ಊರಿ ಕೂತಿತ್ತು. ಹಾಗೆ ಕೂತದ್ದನ್ನು ಎಳೆದರೆ ಬರುವುದಿಲ್ಲ, ಮೈ ಹರಿದರೂ ಹರಿಯಬಹುದು. ಉಡದ ಪಟ್ಟು ಅಂತ ಸುಮ್ಮನೆ ಹೇಳುತ್ತಾರೆಯೇ? 1670ರಲ್ಲಿ ತಾನಾಜಿ ಉಡಕ್ಕೆ ಹಗ್ಗ ಕಟ್ಟಿ ಸಿಂಹಗಡ ಹತ್ತಿದನೆಂಬ ಕತೆ ಹುಟ್ಟಿದ್ದೂ ಈ ಹಿಡಿತದಿಂದಲೇ ಇರಬೇಕು. ಕತೆ ನಿಜವೋ ಸುಳ್ಳೋ, ಹಿಡಿತ ಮಾತ್ರ ನಾನೇ ಕಂಡೆ. "ಹಾಗೇ ಬಿಡಿ ಸಾರ್, ತಾನಾಗಿ ವಾಸಿಯಾಗುತ್ತೆ, ನಾಯಿಗಳು ಈ ಕಡೆ ಬರದಿದ್ದರೆ ಸಾಕು" ಎಂದರು. "ನಾಯಿಗಳು" ಎಂಬ ಬಹುವಚನ ನನ್ನ ಮರ್ಯಾದೆ ಉಳಿಸಲು ಹೇಳಿದ್ದು.

ಅಕ್ಕಪಕ್ಕದವರು ಕರಿಯನಿಗೆ ವಿಷ ಏರುತ್ತೆ ಅಂದರು, ನಿಂಬೆಹಣ್ಣು ಹಿಂಡಿ ಅಂದರು. ಪಶುವೈದ್ಯರು ಮೂತಿಯ ಗೀರು ತೊಳೆದು ಮುಲಾಮು ಹಚ್ಚಿ ಕಳಿಸಿದರು. ಓತಿಯಾಗಲಿ, ಹಾವುರಾಣಿಯಾಗಲಿ, ಉಡವಾಗಲಿ, ಕಚ್ಚಿ ಮನುಷ್ಯನನ್ನು ಸಾಯಿಸುವ ಹಲ್ಲಿ ನಮ್ಮ ದೇಶದಲ್ಲಿಲ್ಲ. ಉಡ ಕಚ್ಚಿದರೆ ಗಾಯ ಆಳವಾಗುತ್ತೆ, ಚೆನ್ನಾಗಿ ತೊಳೆದು ಡಾಕ್ಟರ ಹತ್ತಿರ ಹೋಗಬೇಕು, ಅಷ್ಟೇ. ಅದೂ ನಾವು ಮೈಮೇಲೆ ಬಿದ್ದರೆ ತಾನೇ? ಓಡಲು ದಾರಿ ಬಿಟ್ಟರೆ ಉಡ ಓಡುವ ಪ್ರಾಣಿ.

ಆದರೆ ಮನುಷ್ಯ ಅದಕ್ಕೆ ಎಲ್ಲಿ ದಾರಿ ಬಿಟ್ಟಿದ್ದಾನೆ ಹೇಳಿ. ಮಾಂಸ ಬೇಕು, ಎಣ್ಣೆ ಬೇಕು. ಸಂಗೀತ ಕಚೇರಿಯ ಖಂಜಿರಕ್ಕೂ ಹಿಂದೆ ಇದರ ಚರ್ಮವೇ ಆಗಬೇಕಿತ್ತು. ಎಲ್ಲಕ್ಕಿಂತ ಅಸಹ್ಯದ ಸಂಗತಿ 2017ರಲ್ಲಿ ಬಯಲಾಯಿತು. ಹಣ ತರುತ್ತೆ, ಅದೃಷ್ಟ ತರುತ್ತೆ ಎಂದು ದೇವರ ಮುಂದೆ ಇಡಲು "ಹತ್ತಾ ಜೋಡಿ" ಎಂಬ ಬೇರನ್ನು ಇಂಟರ್‌ನೆಟ್‌ನಲ್ಲಿ ಮಾರುತ್ತಿದ್ದರು. ಪರೀಕ್ಷೆ ಮಾಡಿ ನೋಡಿದರೆ ಅದು ಬೇರೇ ಅಲ್ಲ, ಗಂಡು ಉಡದ ಜನನಾಂಗ ಒಣಗಿಸಿದ್ದು! ಊದುಬತ್ತಿ ಹಚ್ಚಿ ಕೈ ಮುಗಿದವರ ಸ್ಥಿತಿ ಏನಾಗಿರಬೇಡ?

ಇಷ್ಟಕ್ಕೂ ಉಡ ನಮ್ಮಿಂದ ಕೇಳುವುದೇನು? ಇಲಿ, ಜೀರುಂಡೆ, ಏಡಿ, ಸಿಕ್ಕಿದ ಮೊಟ್ಟೆ, ಸತ್ತು ನಾರುವ ಪ್ರಾಣಿ, ಇವನ್ನು ತಿಂದು ಬಡಾವಣೆಗೆ ಪುಕ್ಕಟೆ ಚಾಕರಿ ಮಾಡುತ್ತದೆ. ಹುತ್ತದಲ್ಲಿ ಮೊಟ್ಟೆ ಇಟ್ಟರೆ ಮರಿ ಹೊರಬರಲು ಎಷ್ಟೋ ತಿಂಗಳು ಹಿಡಿಯುತ್ತದೆ. ಅಷ್ಟರಲ್ಲಿ ಜೆಸಿಬಿ ಬಂದಿರುತ್ತದೆ. 1980ರಲ್ಲಿ ತೇಜಸ್ವಿಯವರ 'ಕರ್ವಾಲೊ' ಬಂದ ಮೇಲೆ ಮಲೆನಾಡಿನ ಹಾರುವ ಓತಿಗೆ ನಾಡೆಲ್ಲ ಹೆಸರಾಯಿತು. ಆ ಕಾದಂಬರಿಯಲ್ಲೂ ಕಿವಿ ಅಂತ ಒಂದು ನಾಯಿ ಇದೆ. ಬಯಲುಸೀಮೆಯ ಉಡಕ್ಕೆ ಆ ಯೋಗ ಇನ್ನೂ ಬಂದಿಲ್ಲ. ಅದರ ಪಾಲಿಗೆ ಬಂದದ್ದು ನಮ್ಮ ಕರಿಯ.

ಸೋಮವಾರದಿಂದ ಕರಿಯನಿಗೆ ಹಗ್ಗ. ಮೊದಲ ದಿನ ರಸ್ತೆಯಲ್ಲೇ ಕೂತು ಮುಷ್ಕರ ಹೂಡಿತು. ವಾಕಿಂಗ್ ಗೆಳೆಯರು "ಏನ್ರೀ, ಏನೂ ಮಾಡಲ್ಲ ಅಂತಿದ್ರಿ?" ಎಂದರು. ಮಾಡುತ್ತೆ ಕಣ್ರೀ, ಎಂದೆ.

ಮೂರು ದಿನ ಕಲ್ಲುಗುಡ್ಡೆಯ ಮೇಲೆ ಏನೂ ಕಾಣಲಿಲ್ಲ. ಸತ್ತಿದ್ದರೆ ವಾಸನೆ ಬರಬೇಕಲ್ಲ ಎಂದು ದೂರದಿಂದಲೇ ಮೂಗೆಳೆದು ನೋಡುತ್ತಿದ್ದೆ. ಗುರುವಾರ ವಾಚ್‌ಮನ್ ತಾನಾಗಿ ಕೈ ಬೀಸಿ ಕರೆದ.

"ನೆನ್ನೆ ಮದ್ಯಾನ ಆಚೆ ಬಂದಿತ್ತು ಸಾ. ಕಾಲು ಎಳೀತದೆ. ಆದ್ರೂ ಒಂದು ಇಲಿ ಹಿಡ್ಕಂಡೋಯ್ತು."

"ಚೀಲ ಎಲ್ಲಪ್ಪ?"

"ಅದ್ರಾಗೆ ಸಿಮೆಂಟ್ ಸೋಸಿ ಹಾಕಿವ್ನಿ ಬುಡಿ" ಎಂದು ನಕ್ಕ. ಆಮೇಲೆ ಸ್ವಲ್ಪ ತಡೆದು, "ನಮ್ಮವ್ವನ್ನ ದೊಡ್ಡಾಸ್ಪತ್ರೆಗೆ ಯಾವ ವಾರ ಕರ್ಕಂಡ್ ಹೋದ್ರೆ ಮೂಳೆ ಡಾಕ್ಟ್ರು ಸಿಗ್ತಾರೆ ಸಾ?" ಎಂದ.

ವಿಚಾರಿಸಿ ಹೇಳ್ತೀನಿ ಅಂದಿದ್ದೇನೆ. ನಾಳೆ ಅದೇ ಕೆಲಸ.